ಚೂರಿಯ ಹದ ಮತ್ತು ಗಿರಾಕಿಯ ಮಾತು

ಮಕ್ಕಾದಲ್ಲಿ ಒಬ್ಬ ಕಮ್ಮಾರರಿದ್ದರು. ಅವರ ಹೆಸರು ಖಬ್ಬಾಬ್ ಬಿನ್ ಅರತ್(ರ). ಉಮ್ಮು ಅನ್ಮಾರ್ ಎಂಬ ಸ್ತ್ರೀಯ ಗುಲಾಮರಾಗಿದ್ದ ಅವರು ಖಡ್ಗಗಳನ್ನು ಮಾಡಿಕೊಡುತ್ತಿದ್ದರು. ಇಸ್ಲಾಮನ್ನು ಮೊತ್ತಮೊದಲು ಸ್ವೀಕರಿಸಿದ ಬೆರಳೆಣಿಕೆಯ ಮಂದಿಯಲ್ಲಿ ಅವರೂ ಒಬ್ಬರು. ಆಸ್ ಬಿನ್ ವಾಇಲ್ ಎಂಬ ಖುರೈಶ್ ಶ್ರೀಮಂತನಿಗೆ ಕೆಲಸ ಮಾಡಿಕೊಟ್ಟು ಕೂಲಿ ಕೇಳಲು ಹೋದಾಗ, ಮುಹಮ್ಮದರನ್ನು(ಸ) ನಿರಾಕರಿಸುವ ತನಕ ಒಂದು ಕಾಸನ್ನೂ ಕೊಡುವುದಿಲ್ಲವೆಂದು ಅವನು ಹೇಳಿದನು. ನೀನು ಸತ್ತು ಮರಳಿ ಎಬ್ಬಿಸಲ್ಪಟ್ಟರೂ ಅದು ನನ್ನಿಂದಾಗದು ಎಂದು ಖಬ್ಬಾಬ್(ರ) ಉತ್ತರಿಸಿದರು. ಹಾಗಾದರೆ ಸತ್ತು ಎದ್ದ ಮೇಲೆ ಅಲ್ಲಿಯೂ ನನಗೆ ಸಂಪತ್ತು, ಸಂತಾನ ಇರುತ್ತದಲ್ಲ, ಆಗಲೇ ತೀರಿಸುತ್ತೇನೆ ಎಂದು ಅವನು ಗೇಲಿ ಮಾಡಿದನು. ಸೂರಃ ಮರ್ಯಮ್‌ನ 77ರಿಂದ 80ರವರೆಗಿನ ವಚನಗಳು ಈ ಸಂದರ್ಭದಲ್ಲಿ ಅವತೀರ್ಣಗೊಂಡವೆಂದು ಸಹೀಹ್ ಬುಖಾರಿಯಲ್ಲಿ ಬಂದಿದೆ.

ಈ ಪಾಠವನ್ನು ಓದಿಸುವಾಗ ಮಕ್ಕಳ ಗಮನವೆಲ್ಲ ಖಬ್ಬಾಬ್(ರ) ಅನುಭವಿಸಿದ ಚಿತ್ರಹಿಂಸೆಯ ಕಡೆಗೆ ಹರಿಯುತ್ತದೆ; ಅದು ಸಹಜವೇ. ನಮ್ಮ ಮನಸ್ಸು ಮಾತ್ರ ಆ ಬಾಕಿ ಉಳಿದ ಕೂಲಿಯ ಬಳಿ ನಿಂತುಬಿಡುತ್ತದೆ. ಬೆಂಕಿಯ ಮುಂದೆ ಕುಳಿತು ಕೆಲಸ ಮಾಡಿದವನ ಹಣವನ್ನು ಗಿರಾಕಿಯೊಬ್ಬ ತಡೆಹಿಡಿದದ್ದು ಕುರ್‌ಆನಿನ ವಚನಗಳಿಗೆ ಸಂದರ್ಭವಾಯಿತೆಂದರೆ, ಅದನ್ನು ಹಗುರವಾಗಿ ಓದಿ ಮುಂದೆ ಹೋಗಲು ನಮಗೆ ಆಗುವುದಿಲ್ಲ.

ಹದಡಿಯಲ್ಲಿ ನಾವು ಕಂಡ ಒಂದು ವ್ಯವಹಾರವನ್ನು ಇಲ್ಲಿ ಬರೆಯಲು ಇದೇ ಕಾರಣ. 2024ರ ಬಕ್ರೀದ್ ಜೂನ್ 17ಕ್ಕೆ ಬಂದಿತ್ತು. ಮುಂಗಾರು ಬಿದ್ದು ಮೆಕ್ಕೆಜೋಳದ ಬಿತ್ತನೆಯ ಗಡಿಬಿಡಿ ಇರುವ ಕಾಲ. ಕುಲುಮೆಯ ಮುಂದೆ ಕುಂಟೆಯ ಕುಡಗಳು, ಕುಡಗೋಲುಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ನಡುವೆಯೇ ನಮ್ಮವರ ಖುರ್ಬಾನಿಯ ಚೂರಿಗಳು. ಕುಲುಮೆಯ ಯಜಮಾನರು ಅರುವತ್ತು ದಾಟಿದ ಹಿಂದೂ ಕಮ್ಮಾರರು. ಅವರ ತಂದೆಯ ಕಾಲದಿಂದಲೂ ನಮ್ಮ ಜಮಾಅತಿನ ಮನೆಗಳಿಗೆ ಚೂರಿ, ಮಚ್ಚು, ಈಳಿಗೆಗಳು ಅಲ್ಲಿಂದಲೇ ಬರುತ್ತವೆ. ಹೆಸರು ಬರೆಯುವುದು ಬೇಡ. ಊರಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಬೇಕಾಗಿಲ್ಲ.

ನಾವು ಮನೆಯ ಚೂರಿಗೆ ಸಾಣೆ ಹಿಡಿಸಲು ಹೋಗಿ ಕಾಯುತ್ತಿದ್ದಾಗ ನಮ್ಮ ಜಮಾಅತಿನ ಗೌರವಸ್ಥರೊಬ್ಬರು ಬಂದರು. ಹಿಂದಿನ ವರ್ಷ ಒಯ್ದ ಚೂರಿಯನ್ನು ಅಡಿಗಲ್ಲಿನ ಮೇಲೆ ಟಣ್ಣನೆ ಹಾಕಿದರು. ಅವರ ದೂರು ಮೂರು ಬಗೆಯದಾಗಿತ್ತು: ಚೂರಿ ತುಕ್ಕು ಹಿಡಿದಿದೆ, ಬಾಯಿ ಅಲ್ಲಲ್ಲಿ ಮುಕ್ಕಾಗಿದೆ, ದಾವಣಗೆರೆಯ ಅಂಗಡಿಯಲ್ಲಿ ಹೊಳೆಯುವ ಸ್ಟೀಲ್ ಚೂರಿ ಇದರ ಅರ್ಧ ಬೆಲೆಗೆ ಸಿಗುತ್ತದೆ. ಎಂಟುನೂರು ರೂಪಾಯಿಗೆ ಚೂರಿ, ಮಚ್ಚು ಎರಡನ್ನೂ ಮಾಡಿಸಿಕೊಂಡು ನಾಲ್ಕುನೂರನ್ನು ಅವರು ಬಾಕಿ ಉಳಿಸಿಕೊಂಡಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಇದಕ್ಕಿಂತ ಮುಂಚಿನ ಶುಕ್ರವಾರ ಮಸೀದಿಯ ಅಂಗಳದಲ್ಲಿ, ಆ ಕುಲುಮೆಯ ಮಾಲು ಈಗ ಮೊದಲಿನಂತಿಲ್ಲ ಎಂದು ಹತ್ತು ಮಂದಿಯ ಮುಂದೆ ಅವರು ಹೇಳಿದ್ದನ್ನು ಮಾತ್ರ ನಾವೇ ಕೇಳಿದ್ದೆವು. ಆ ಮಾತನ್ನು ನಂಬಿ ಐದಾರು ಮನೆಯವರು ಚೂರಿ ಕೊಳ್ಳಲು ದಾವಣಗೆರೆಗೆ ಹೋಗಿದ್ದರು.

ಯಜಮಾನರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಕುಡಗೋಲನ್ನು ಮುಗಿಸಿ, ಇಕ್ಕಳ ಕೆಳಗಿಟ್ಟು, ಕೈ ಒರೆಸಿಕೊಂಡು ಚೂರಿಯನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು ಅಲಗಿನ ಬಾಯನ್ನು ನೋಡಿದರು. ಅರ ತೆಗೆದುಕೊಂಡು ಬಾಯ ಮೇಲೆ ಎಳೆದರು. ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿತು.

"ನೋಡ್ರಿ ಸಾಹೇಬ್ರ, ಮೂರು ಮಾತು ಅಂದ್ರಿ. ಅದರಾಗ ಒಂದು ನಂದು. ಉಳಿದೆರಡು ನನ್ನ ತಲಿಗೆ ಕಟ್ಟಬ್ಯಾಡ್ರಿ" ಎಂದರು.

ಅವರದೆಂದು ಒಪ್ಪಿಕೊಂಡದ್ದು ಮುಕ್ಕಾದ ಬಾಯಿ. ಅದನ್ನು ಅವರು ವಿವರಿಸಿದ ರೀತಿ ನಮಗೆ ಪಾಠದಂತಿತ್ತು. ಈ ಚೂರಿಗಳಿಗೆ ಅವರು ಬಳಸುವುದು ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ತರುವ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಸುಮಾರು ಶೇಕಡ 0.6ರಷ್ಟು ಇಂಗಾಲವಿರುವುದರಿಂದ, ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ. ಆದರೆ ಹಾಗೆ ಗಟ್ಟಿಯಾದ ಉಕ್ಕು ಗಾಜಿನಂತೆ ಪೆಡಸು. ಅದನ್ನು ಮತ್ತೊಮ್ಮೆ ಸಣ್ಣ ಬಿಸಿಯಲ್ಲಿ ಕಾಯಿಸಿ ಹದ ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಬಣ್ಣ ಏರುತ್ತದೆ: 200 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, ಇನ್ನಷ್ಟು ಏರಿದರೆ ಕಂದು, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ಯಜಮಾನರಿಗೆ ಡಿಗ್ರಿಯ ಲೆಕ್ಕ ಬೇಡ, ಬಣ್ಣವೇ ಸಾಕು. ಖುರ್ಬಾನಿಯ ಚೂರಿಗೆ ಕಂದು ಬರಬೇಕು; ಇದನ್ನು ಹಳದಿಗೂ ಮುಂಚೆಯೇ ತೆಗೆದಿದ್ದೇವೆ ಎಂದರು. ಅಂದು ಕೆಲಸದ ಒತ್ತಡವಿತ್ತೆಂಬ ನೆಪವನ್ನೂ ಅವರು ಹೇಳಲಿಲ್ಲ.

ಕನ್ನಡದಲ್ಲಿ ಹದ ಎಂಬ ಪದ ಎಷ್ಟು ಕಡೆ ದುಡಿಯುತ್ತದೆ! ಬಿತ್ತುವ ನೆಲಕ್ಕೂ ಬೆಲ್ಲದ ಪಾಕಕ್ಕೂ ಉಕ್ಕಿಗೂ ಒಂದೇ ಮಾತು. ಉಕ್ಕು ಎಂಬುದೂ ಸಣ್ಣ ಪದವಲ್ಲ. ಯುರೋಪಿನವರು ವೂಟ್ಸ್ ಎಂದು ಕರೆದ ದಕ್ಷಿಣ ಭಾರತದ ಹೆಸರಾಂತ ಲೋಹದ ಹೆಸರು ನಮ್ಮ ಈ ಪದದಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅರಬರು ಒಳ್ಳೆಯ ಖಡ್ಗವನ್ನು ಮುಹನ್ನದ್ ಎನ್ನುತ್ತಿದ್ದರು, ಅಂದರೆ ಹಿಂದ್ ದೇಶದ ಉಕ್ಕಿನದು. ಪ್ರವಾದಿಯವರ(ಸ) ಮುಂದೆ ಕಅಬ್ ಬಿನ್ ಝುಹೈರ್(ರ) ಓದಿದ ಪ್ರಸಿದ್ಧ ಕವಿತೆಯಲ್ಲೂ ಈ ಪದ ಬರುತ್ತದೆ. ಮದ್ರಸದಲ್ಲಿ ಅದನ್ನು ಓದಿದ್ದಾಗ ನಮಗೆ ಕುಲುಮೆಯ ನೆನಪಾಗಿರಲಿಲ್ಲ. ಕುಲುಮೆಯಲ್ಲಿ ಕುಳಿತಾಗ ಅದು ನೆನಪಾಯಿತು.

ತುಕ್ಕಿನ ಮಾತಿಗೆ ಯಜಮಾನರು ಒಪ್ಪಲಿಲ್ಲ. ಹಿಡಿಯ ಸಂದಿಯನ್ನು ಉಗುರಿನಿಂದ ಕೆರೆದು ಬೆರಳನ್ನು ನಾಲಿಗೆಗೆ ತಾಗಿಸಿ, "ಉಪ್ಪು ಐತಲ್ರೀ" ಎಂದರು. ಖುರ್ಬಾನಿಯ ಚರ್ಮಗಳಿಗೆ ಉಪ್ಪು ಸವರುವಾಗ ಚೂರಿಯನ್ನು ಅಲ್ಲಿಯೇ ಬಿಟ್ಟು, ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರೆಂದು ಗೌರವಸ್ಥರು ಸ್ವಲ್ಪ ಹೊತ್ತಿನ ನಂತರ ಒಪ್ಪಿಕೊಂಡರು. ತುಕ್ಕು ಹಿಡಿಯದ ಉಕ್ಕಿನಲ್ಲಿ ಕನಿಷ್ಠ ಶೇಕಡ ಹತ್ತಕ್ಕಿಂತ ಹೆಚ್ಚು ಕ್ರೋಮಿಯಂ ಇರುತ್ತದೆ. ಲಾರಿಯ ಪಟ್ಟಿಯಲ್ಲಿ ಅಷ್ಟಿರುವುದಿಲ್ಲ. ತೊಳೆದು, ಒಣಬಟ್ಟೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಟ್ಟರೆ ಅದು ವರ್ಷಗಟ್ಟಲೆ ಇರುತ್ತದೆ. ನಮ್ಮ ಮನೆಯದು ಹನ್ನೊಂದು ವರ್ಷದಿಂದಿದೆ.

ಬೆಲೆಯ ವಿಷಯದಲ್ಲಿ ಅವರು ಅಂಗಡಿಯ ಚೂರಿಯನ್ನು ಹಳಿಯಲಿಲ್ಲ. "ಅದೂ ಕೆಟ್ಟದ್ದಲ್ಲ, ತರಕಾರಿಗೆ ಚಲೋನ. ಅದನ್ನ ತಗೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕುರಿಗೆ ಹಚ್ಚೋ ಮೊದ್ಲು ಬಾಯಿ ನೋಡಿ ಹಚ್ರಿ" ಎಂದಷ್ಟೇ ಹೇಳಿದರು.

ಈ ಕೊನೆಯ ಮಾತು ನಮ್ಮ ದೀನ್‌ನ ಮಾತು. ಅವರಿಗದು ಗೊತ್ತಿತ್ತೋ ಇಲ್ಲವೋ, ನಮಗೆ ಗೊತ್ತಿರಬೇಕಿತ್ತು. ಶದ್ದಾದ್ ಬಿನ್ ಔಸ್(ರ) ವರದಿ ಮಾಡಿ ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸಿನಲ್ಲಿ, ಅಲ್ಲಾಹನು ಎಲ್ಲ ಕೆಲಸಗಳಲ್ಲೂ ಇಹ್ಸಾನನ್ನು ಕಡ್ಡಾಯಗೊಳಿಸಿದ್ದಾನೆಂದು ತಿಳಿಸಿದ ಪ್ರವಾದಿವರ್ಯರು(ಸ), ಝಬಹ್ ಮಾಡುವವನು ತನ್ನ ಚೂರಿಯನ್ನು ಹರಿತಗೊಳಿಸಿ ಪ್ರಾಣಿಗೆ ಸಮಾಧಾನ ನೀಡಬೇಕೆಂದು ಆದೇಶಿಸಿದ್ದಾರೆ. ಪ್ರಾಣಿಯ ಕಣ್ಣೆದುರು ಚೂರಿ ಮಸೆಯುವುದನ್ನೂ ಅವರು ಆಕ್ಷೇಪಿಸಿದ್ದಾರೆ. ಕುರಿಯ ಹಲ್ಲು, ವಯಸ್ಸು, ಕೊಂಬು, ಕಿವಿಗಳನ್ನು ಪರೀಕ್ಷಿಸಿ ಸಾವಿರಾರು ರೂಪಾಯಿ ಎಣಿಸುವ ನಾವು ಚೂರಿಯ ಬಳಿ ಬಂದಾಗ ಇನ್ನೂರು ರೂಪಾಯಿಯ ಉಳಿತಾಯದ ಚರ್ಚೆ ಮಾಡುತ್ತೇವೆ. ಮುಕ್ಕಾದ ಬಾಯಿಯ ನೋವನ್ನು ಅನುಭವಿಸುವವರು ನಾವಲ್ಲವಲ್ಲ.

ಹಾಗೆಂದು ಗಿರಾಕಿ ಬಾಯಿ ಮುಚ್ಚಿಕೊಂಡಿರಬೇಕೆಂದು ನಾವು ಹೇಳುತ್ತಿಲ್ಲ. ಪ್ರವಾದಿವರ್ಯರಿಗೆ(ಸ) ಒಂಟೆಯನ್ನು ಸಾಲ ಕೊಟ್ಟಿದ್ದವನೊಬ್ಬ ಬಂದು ಒರಟಾಗಿ ಕೇಳಿದಾಗ ಸಹಾಬಿಗಳು ಅವನ ಮೇಲೆ ಏರಿಹೋಗಲು ಮುಂದಾದರು. ಬಿಡಿ, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂಬ ಅರ್ಥದ ಮಾತು ಹೇಳಿ ಪ್ರವಾದಿಯವರು(ಸ) ಅವರನ್ನು ತಡೆದರು, ಅವನದಕ್ಕಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದರು. ವಸ್ತುವಿನ ದೋಷವನ್ನು ಮರೆಮಾಚಿ ಮಾರುವುದು ನಿಷಿದ್ಧ. ದೋಷ ಕಂಡ ಖರೀದಿದಾರನಿಗೆ ಹಿಂದಿರುಗಿಸುವ ಹಕ್ಕಿದೆ, ಫಿಕ್ಹ್‌ನಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಲೋಹವನ್ನು ಮೃದುವಾಗಿಸಿ ಕೊಡಲ್ಪಟ್ಟ ಪ್ರವಾದಿ ದಾವೂದರಿಗೂ(ಅ) ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಹೆಣೆಯಬೇಕೆಂಬ ಆದೇಶವಿತ್ತು. ಸೂರಃ ಸಬಅ್‌ನಲ್ಲಿ ಅದನ್ನು ಓದುತ್ತೇವೆ. ಕೆಲಸಗಾರನು ಕೆಲಸಕ್ಕೆ ಉತ್ತರ ಕೊಡಲೇಬೇಕು.

ನಮ್ಮ ಆಕ್ಷೇಪವಿರುವುದು ಬೇರೆ ಎರಡು ವಿಷಯಗಳಲ್ಲಿ. ಚೂರಿಯ ದೋಷ ಕಂಡಾಗ ಅವರು ಮೊದಲು ಕುಲುಮೆಗೆ ಬರಬೇಕಿತ್ತು, ಮಸೀದಿಯ ಅಂಗಳಕ್ಕಲ್ಲ. ಇನ್ನೊಂದು, ಮಚ್ಚಿನ ಬಗ್ಗೆ ಅವರಿಗೆ ಯಾವ ದೂರೂ ಇರಲಿಲ್ಲ. ಅದನ್ನು ವರ್ಷವಿಡೀ ಬಳಸಿದ್ದರು. ಅದರ ಹಣವನ್ನೂ ಸೇರಿಸಿ ಹಿಡಿದುಕೊಂಡದ್ದು ಯಾವ ನ್ಯಾಯ? ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನಿಗೆ ಅಂತ್ಯದಿನ ತಾನೇ ಪ್ರತಿವಾದಿಯಾಗುವೆನೆಂದು ಅಲ್ಲಾಹನು ಎಚ್ಚರಿಸಿದ್ದಾನೆಂಬ ಹದೀಸ್ ಬುಖಾರಿಯಲ್ಲಿದೆ. ಕೂಲಿಗಾರನು ಮುಸ್ಲಿಮನಾಗಿರಬೇಕೆಂಬ ಷರತ್ತು ಅದರಲ್ಲಿಲ್ಲ. ಇದನ್ನು ನಾವು ದಾರಿಯಲ್ಲಿ ಅವರಿಗೆ ಹೇಳಿದೆವು. ಅವರು ನಮಗಿಂತ ಹಿರಿಯರು, ಆದ್ದರಿಂದ ಹೇಳುವುದು ಸುಲಭವಾಗಿರಲಿಲ್ಲ.

ಅಂದು ಸಂಜೆಯೊಳಗೆ ಯಜಮಾನರು ಕಾದ ಕಬ್ಬಿಣದ ಹಲಗೆಯ ಮೇಲೆ ಚೂರಿಯ ಬೆನ್ನನ್ನಿಟ್ಟು ಕಂದು ಬಣ್ಣ ಬಾಯಿಯ ತನಕ ಇಳಿಯುವವರೆಗೆ ಕಾದು, ಮುಕ್ಕಾದ ಅಂಚನ್ನು ಸಾಣೆಯಲ್ಲಿ ತೆಗೆದು, ಹೊಸ ಬಾಯಿ ಕಟ್ಟಿ ಕೊಟ್ಟರು. ಅದಕ್ಕೆ ಹಣ ಕೇಳಲಿಲ್ಲ. ಹಳೆಯ ಬಾಕಿಯನ್ನೂ ನಮ್ಮೆದುರು ಕೇಳಲಿಲ್ಲ. ಹಬ್ಬದ ಮರುದಿನ ಗೌರವಸ್ಥರ ಮಗ ಬಂದು ನಾಲ್ಕುನೂರು ಕೊಟ್ಟುಹೋದನೆಂದು ಯಜಮಾನರೇ ತಿಳಿಸಿದರು.

ಹತ್ತು ಮಂದಿಯ ಮುಂದೆ ಆಡಿದ ಮಾತು ಮಾತ್ರ ಹತ್ತು ಮಂದಿಯ ಮುಂದೆ ಹಿಂದೆ ಬಂದಿಲ್ಲ. ದಾವಣಗೆರೆಗೆ ಹೋದ ಐದಾರು ಮನೆಯವರಲ್ಲಿ ಇಬ್ಬರು ಈಗಲೂ ಆ ಕುಲುಮೆಯ ಮಾಲು ಸರಿಯಿಲ್ಲ ಎನ್ನುತ್ತಾರೆ. ಕೇಳಿದರೆ ಯಾರು ಹೇಳಿದ್ದೆಂದು ನೆನಪಿಲ್ಲ. ಆದ್ದರಿಂದ ನಾವು ಮಕ್ತಬದ ದೊಡ್ಡ ಮಕ್ಕಳಿಗೆ, ಮನೆಯಲ್ಲಿ ಕೇಳಿಕೊಂಡು ಚೂರಿಗಳನ್ನು ತಂದೆಯವರ ಕೈಯಲ್ಲಿ ಕಳುಹಿಸಲು ಹೇಳಿದೆವು. ಹದಿನಾಲ್ಕು ಬಂದವು. ಅವುಗಳಲ್ಲಿ ಒಂಬತ್ತು ತುಕ್ಕು ಹಿಡಿದಿದ್ದವು, ಮೂರರ ಹಿಡಿ ಸಡಿಲವಾಗಿತ್ತು. ಗೋಣಿಚೀಲದಲ್ಲಿ ಸುತ್ತಿ ಒಯ್ದಾಗ ಯಜಮಾನರು ಒಂದೊಂದನ್ನೇ ಅರದಿಂದ ಮುಟ್ಟಿ ನೋಡಿ ಬೇರೆಬೇರೆ ಇಟ್ಟರು. ಬಿತ್ತನೆಯ ಕೆಲಸ ಮುಂದಿದೆ, ಹಬ್ಬಕ್ಕೆ ನಾಲ್ಕು ದಿನ ಮೊದಲು ಬಂದು ಒಯ್ಯಿರಿ ಎಂದಿದ್ದಾರೆ.