ಒಂದೇ ಉಸಿರಿನ ಪ್ಲೇಟು

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುತ್ತದೆ ನಮ್ಮ ಸೀಮೆಯ ಗಾದೆ. ಕಿವಿಯಿದ್ದವರ ಪಾಡೇನೆಂದು ಅದು ಹೇಳಿಲ್ಲ. ಅವರು ಹುಲಿಹೈದರಕ್ಕೆ ಬರಲಿ ಎನ್ನುತ್ತೇನೆ ನಾನು. ಹೊತ್ತು ಮುಳುಗಿ, ಹಿಟ್ಟಿನ ಗಿರಣಿ ಸುಮ್ಮನಾದ ಮೇಲೆ ಇಲ್ಲಿ ಗ್ರಾಮಫೋನ್ ಪ್ಲೇಟು ಕೇಳುವ ಸುಖವೇ ಬೇರೆ.

ಅದರಲ್ಲೂ ಡೈರೆಕ್ಟ್ ಕಟ್ ಪ್ಲೇಟು. ಸಾಮಾನ್ಯ ಎಲ್‌ಪಿಯ ಸಂಗೀತ ಮೊದಲು ಟೇಪಿಗೆ ಹೋಗಿ, ಅಲ್ಲಿ ಕತ್ತರಿ ಕಂಡು, ತೇಪೆ ಹಾಕಿಸಿಕೊಂಡು ಆಮೇಲೆ ತಟ್ಟೆಗಿಳಿಯುತ್ತದೆ. ಇದರಲ್ಲಿ ಟೇಪೇ ಇಲ್ಲ. ಮೈಕಿಗೆ ಬಿದ್ದ ದನಿಯನ್ನು ಸೂಜಿ ಆ ಕ್ಷಣವೇ ಲ್ಯಾಕರ್ ತಟ್ಟೆಯ ಮೇಲೆ ಕೊರೆಯುತ್ತದೆ. ಟೇಪಿನ ಹಿಸ್ಸೆಂಬ ಸದ್ದಿಲ್ಲ, ಡ್ರಮ್ಮಿನ ಪೆಟ್ಟು ಮೊಂಡಾಗುವುದಿಲ್ಲ. ಆದರೆ ಒಂದು ಮಗ್ಗುಲನ್ನು ಎಲ್ಲೂ ನಿಲ್ಲದೆ ನುಡಿಸಬೇಕು. ಕೊನೆಯ ನಿಮಿಷದಲ್ಲಿ ಯಾರೋ ತಪ್ಪಿದರೂ ಆ ತಟ್ಟೆ ಕಸಕ್ಕೆ.

ನುಡಿಸುವವರಿಗಿಂತ ಕೊರೆಯುವ ಯಂತ್ರ ನಡೆಸುವವನ ಪಾಡು ನನಗೆ ಹೆಚ್ಚು ರುಚಿಸುತ್ತದೆ. ಟೇಪಿದ್ದರೆ ಮುಂದೆ ಬರುವ ಜೋರು ದನಿಯ ಸುಳಿವು ಯಂತ್ರಕ್ಕೆ ಮೊದಲೇ ಸಿಗುತ್ತದೆ. ಗೀರುಗಳ ನಡುವೆ ಜಾಗ ಬಿಟ್ಟುಕೊಳ್ಳುತ್ತದೆ. ಇಲ್ಲಿ ಅವನೇ ಮುಂದಿನದನ್ನು ಊಹಿಸಿ ಜಾಗ ಬಿಡಬೇಕು. ತಡವಾಯಿತೋ, ಒಂದು ಗೀರು ಇನ್ನೊಂದರ ಮೈಮೇಲೆ ಹಾಯುತ್ತದೆ!

1970ರ ದಶಕದಲ್ಲಿ ಅಮೆರಿಕದ ಶೆಫೀಲ್ಡ್ ಲ್ಯಾಬ್ ಕಂಪನಿ ಇಂಥ ಪ್ಲೇಟುಗಳಿಂದಲೇ ಹೆಸರು ಮಾಡಿತು. 2014ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದದವರು ಬ್ರಾಮ್ಸ್‌ನ ನಾಲ್ಕೂ ಸಿಂಫನಿಗಳನ್ನು ಹೀಗೆಯೇ ಕೊರೆಸಿದರು. ಹೊರತಂದದ್ದು 1833 ಸೆಟ್ಟು, ಅದು ಬ್ರಾಮ್ಸ್ ಹುಟ್ಟಿದ ಇಸವಿ. ಶೋಕಿಗೂ ಒಂದು ಲೆಕ್ಕ ಬೇಕಲ್ಲ.

ಸಿರಿವಂತರ ಈ ಶೋಕಿ ನಮ್ಮ ಹಿರಿಯರಿಗೆ ದಿಕ್ಕಿಲ್ಲದ ಪಾಡಾಗಿತ್ತು. ಟೇಪು ಬರುವ ಮುಂಚಿನ ಪ್ಲೇಟುಗಳೆಲ್ಲ ಡೈರೆಕ್ಟ್ ಕಟ್ಟೇ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ತುತ್ತೂರಿಯೊಳಗೆ ದನಿ ತೂರಿ ಹಾಡಿದ್ದನ್ನು ಸೂಜಿ ನೇರ ಮೇಣದ ಮೇಲೆ ಕೊರೆಯಿತು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿದರು. ಪ್ಲೇಟು ಅಚ್ಚಾಗುವ ಜರ್ಮನಿಯ ಹ್ಯಾನೋವರ್‌ನಲ್ಲಿ ಯಾರ ಹಾಡೆಂದು ತಿಳಿಯಬೇಕಿತ್ತು. ಆ ಹೆಂಗಸು ಕೊನೆಗೆ ಮೈಸೂರು ಸೇರಿ, 1930ರಲ್ಲಿ ಅಲ್ಲೇ ತೀರಿಕೊಂಡರು. ಗಂಗೂಬಾಯಿ ಹಾನಗಲ್ 'ಗಾಂಧಾರಿ' ಎಂಬ ಹೆಸರಿನಲ್ಲಿ ಎಚ್‌ಎಂವಿ ಕಂಪನಿಗೆ ಹಾಡುವ ಹೊತ್ತಿಗೆ ವಿದ್ಯುತ್ ಮೈಕು ಬಂದಿತ್ತು. ತಪ್ಪಿದರೆ ತಿದ್ದುವ ದಾರಿ ಮಾತ್ರ ಆಗಲೂ ಇರಲಿಲ್ಲ.

ಆ ಹಳೆಯ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ತಾಸುಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲೇ ಮುಗಿಸಬೇಕು. ಜಾಗ ತೀರುತ್ತ ಬಂದಂತೆ ತಾನಗಳು ಒಂದನ್ನೊಂದು ನೂಕುತ್ತವೆ, ಉಸಿರು ತುಸು ಏರುತ್ತದೆ. ಬರ್ಲಿನ್ನಿನ ಸ್ವಚ್ಛ ದನಿಗಿಂತ ನನಗೆ ಈ ಅವಸರವೇ ಹೆಚ್ಚು ಪ್ರಿಯ.

ದುಬಾರಿ ಸ್ಪೀಕರಿನ ಗೆಳೆಯನೊಬ್ಬ ಬಂದಾಗ ಅಂಥದೊಂದನ್ನು ಹಾಕಿದೆ.

"ಏನ್ರೀ ಕಾಕಾ, ಹಾಡಿಗಿಂತ ಒಗ್ಗರಣಿ ಸಪ್ಪಳಾನ ಜಾಸ್ತಿ ಐತಲ್ರೀ!" ಎಂದ.

ಮುಗಿದ ಮೇಲೆ ಎದ್ದು ತಾನೇ ಪ್ಲೇಟು ತಿರುವಿ ಹಾಕಿದ.