ಕೋನ್ ಕಾಯುವವರನ್ನು ಮರೆತ ನಕ್ಷೆ

ಆಟೋಕ್ರಾಸ್ ಕ್ಲಬ್ಬುಗಳಲ್ಲಿ ಕೂಲಿಗೆ ದುಡಿಯುವವರು ಯಾರೂ ಇರುವುದಿಲ್ಲ. ವಿಶಾಲವಾದ ಪಾರ್ಕಿಂಗ್ ಜಾಗವನ್ನೋ ಹಳೆಯ ರನ್‌ವೇಯನ್ನೋ ಒಂದು ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು, ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಟ್ಟು ಅಂಕುಡೊಂಕಿನ ದಾರಿ ಮಾಡುತ್ತೇವೆ. ನಿಮ್ಮ ದಿನಬಳಕೆಯ ಕಾರನ್ನೇ ತಂದು, ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತೀರಿ ಎಂದು ನೋಡಿಕೊಳ್ಳಬಹುದು. ಮದುವೆಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡವರೇ ಎದ್ದು ಎರಡನೇ ಪಂಕ್ತಿಗೆ ಬಡಿಸುವ ಹಾಗೆ, ಒಂದು ಗುಂಪು ಓಡಿಸುವಾಗ ಇನ್ನೊಂದು ಗುಂಪು ಬಿಸಿಲಲ್ಲಿ ನಿಂತು ಕೋನ್ ಕಾಯಬೇಕು. ನೆಬ್ರಾಸ್ಕಾದ ಲಿಂಕನ್‌ನಲ್ಲಿ ನಡೆಯುವ ಅಮೆರಿಕಾದ ರಾಷ್ಟ್ರೀಯ ಸ್ಪರ್ಧೆಗೆ ಸಾವಿರಕ್ಕೂ ಹೆಚ್ಚು ಮಂದಿ ಬರುತ್ತಾರೆ. ಅಲ್ಲಿಯೂ ಇದೇ ಪದ್ಧತಿ.

ಮಿಷಿಗನ್‌ನಲ್ಲಿ ಕಾರು ಉದ್ಯಮವನ್ನೇ ನಂಬಿ ಬದುಕುವ ಕನ್ನಡಿಗರು ಬಹಳ ಮಂದಿ ಇದ್ದೇವೆ. ನಾನು ಬ್ರೇಕ್ ವಿಭಾಗದ ಎಂಜಿನಿಯರು. ಕ್ಲಬ್ಬಿನ ಟ್ರ್ಯಾಕ್ ಹಾಕುವ ಜವಾಬ್ದಾರಿ ಮೊದಲ ಸಲ ನನ್ನ ಪಾಲಿಗೆ ಬಂದಾಗ, ಚೆನ್ನಾಗಿ ಓಡಿಸುವವರು ಭೇಷ್ ಅನ್ನಬೇಕು ಎಂಬ ಆಸೆ ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ. ಮೊದಲು ಒಂದು ಸ್ಲಾಲಂ, ಅಂದರೆ ಸಾಲಾಗಿಟ್ಟ ಕೋನ್‌ಗಳನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಳಸಿಕೊಂಡು ಹೋಗುವ ದಾರಿ. ಅದರಿಂದ ಹೊರಬಿದ್ದ ಕೂಡಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಳಸಿಕೊಂಡು ಹೋಗುವ ಉದ್ದನೆಯ ಎಡ ತಿರುವು. ಅದು ಮುಗಿಯುವಲ್ಲೇ ಫಿನಿಶ್. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕಾದ ನಿಯಮದಂತೆ ಸ್ಲಾಲಂ ಕೋನ್‌ಗಳ ನಡುವೆ ಕನಿಷ್ಠ 45 ಅಡಿ, ಕಾರು ನಡುವೆ ನುಗ್ಗುವ ಜೋಡಿ ಕೋನ್‌ಗಳ ಗೇಟಿಗೆ ಕನಿಷ್ಠ 15 ಅಡಿ ಬಿಡಬೇಕು. ಟೇಪು ಹಿಡಿದು ಅಳೆದೇ ಇಟ್ಟಿದ್ದೆ. ನಿಯಮ ಪಾಲಿಸಿದ್ದೇನೆ, ಇನ್ನೇನು ಆಗಬೇಕು ಅಂದುಕೊಂಡೆ.

ಸ್ಲಾಲಂನ ಕೊನೆಯ ಕೋನನ್ನು ಹೆಚ್ಚುಕಡಿಮೆ ಎಲ್ಲರೂ ಹೊಡೆದರು. ಮುಂದೆ ವೇಗದ ತಿರುವು ಕಾದಿದೆ ಎಂದು ಗೊತ್ತಿದ್ದವರು ಅಲ್ಲೇ ಆತುರಪಡುತ್ತಿದ್ದರು. ಆ ಕೋನ್ ಕಾಯುವ ಸ್ಟೇಷನ್ನಿನಲ್ಲಿ ಅಂದೇ ಮೊದಲು ಬಂದಿದ್ದ ಕಾಲೇಜು ಹುಡುಗಿಯೊಬ್ಬಳಿದ್ದಳು. ಅವಳ ಕೆಲಸ ನೋಡಿ: ಕೋನ್ ಬಿತ್ತೇ, ಇಲ್ಲ ಜರುಗಿತೇ ಎಂದು ಮೊದಲು ತೀರ್ಮಾನಿಸಬೇಕು. ನಿಂತಿರುವ ಕೋನ್ ತನ್ನ ಸುತ್ತ ಎಳೆದ ಚಾಕ್ ಗೆರೆಯ ಚೌಕವನ್ನು ಮುಟ್ಟಿಕೊಂಡಿದ್ದರೆ ದಂಡವಿಲ್ಲ. ಬಿದ್ದಿದ್ದರೆ ಅಥವಾ ಪೂರ್ತಿ ಹೊರಗೆ ಹೋಗಿದ್ದರೆ ಚಾಲಕನಿಗೆ 2 ಸೆಕೆಂಡ್ ದಂಡ. ಕಾರಿನ ನಂಬರನ್ನೂ ಕೋನ್ ಲೆಕ್ಕವನ್ನೂ ವಾಕಿಟಾಕಿಯಲ್ಲಿ ಹೇಳಬೇಕು. ಬಂಪರಿನಡಿ ಸಿಕ್ಕಿ ದೂರ ಹೋಗಿ ಬಿದ್ದ ಕೋನ್ ತಂದು ಚೌಕದೊಳಗೆ ಇಡಬೇಕು. ಅಷ್ಟರಲ್ಲಿ ಮುಂದಿನ ಕಾರು ಹೊರಟಿರುತ್ತದೆ. ಅವಳು ಒಂದು ಕಣ್ಣು ಕಾರಿನ ಮೇಲಿಟ್ಟು, ಕೋನನ್ನು ಎದೆಗವಚಿಕೊಂಡು ಹಿಂದುಹಿಂದಕ್ಕೆ ಓಡುತ್ತಿದ್ದಳು. ಕೋನ್ ಸಕಾಲಕ್ಕೆ ಜಾಗ ಸೇರದೆ ಮತ್ತೆ ಮತ್ತೆ ಕೆಂಪು ಬಾವುಟ ಬೀಸಬೇಕಾಯಿತು. ಕಾರುಗಳು ನಡುದಾರಿಯಲ್ಲೇ ನಿಂತು ಹೋಗುತ್ತಿದ್ದವು, ಹೊತ್ತು ಏರುತ್ತಿತ್ತು.

ಮಧ್ಯಾಹ್ನದ ಮೇಲೆ ಒಂದು ಮಸ್ಟಾಂಗ್ ಆ ಎಡ ತಿರುವಿನಲ್ಲಿ ಹಿಂಬದಿಯ ಹಿಡಿತ ಕಳೆದುಕೊಂಡು, ಅಡ್ಡಡ್ಡವಾಗಿ ಜಾರುತ್ತಾ ಅವಳ ಸ್ಟೇಷನ್ ಕಡೆಗೇ ಬಂತು. ಅವಳೂ ಅಲ್ಲಿದ್ದ ಇನ್ನೊಬ್ಬರೂ ಓಡಿದರು. ಕಾರು ಸ್ವಲ್ಪ ಈಚೆಗೇ ನಿಂತಿತು, ಯಾರಿಗೂ ಪೆಟ್ಟಾಗಲಿಲ್ಲ. ಸುರಕ್ಷತೆ ನೋಡಿಕೊಳ್ಳುತ್ತಿದ್ದ ಹಿರಿಯರು ಸ್ಪರ್ಧೆ ನಿಲ್ಲಿಸಿ ನನ್ನನ್ನು ಅಲ್ಲಿಗೆ ಕರೆದೊಯ್ದರು. ಬೈಯಲಿಲ್ಲ. ‘ಇಲ್ಲಿ ನಿಂತು ನೋಡು’ ಅಂದರು, ಅಷ್ಟೇ.

ಅಲ್ಲಿ ನಿಂತಾಗ ಕಂಡಿತು. ತಿರುವಿನ ಹೊರಮೈಯಲ್ಲಿ, ಜಾರಿದ ಕಾರು ನೇರವಾಗಿ ಬಂದು ಸೇರುವ ಜಾಗದಲ್ಲೇ ನಾನು ಜನರನ್ನು ನಿಲ್ಲಿಸಿದ್ದೆ. ಬೆಳಿಗ್ಗೆ ಆ ದಾರಿಯಲ್ಲಿ ಎಷ್ಟೋ ಸಲ ನಡೆದಿದ್ದೆ, ಪ್ರತಿ ಸಲವೂ ಚಾಲಕನ ಕಣ್ಣಿನಿಂದಲೇ. ವೇಗ ಗಂಟೆಗೆ 50 ಮೈಲಿಯಿಂದ 60ಕ್ಕೆ ಏರಿದರೆ ಚಲನಶಕ್ತಿ ಶೇ. 44ರಷ್ಟು ಹೆಚ್ಚುತ್ತದೆ. ಆಫೀಸಿನಲ್ಲಿ ನಿತ್ಯ ಮಾಡುವ ಲೆಕ್ಕ ಅದು. ಅದನ್ನು ಒಬ್ಬ ಹುಡುಗಿ ನಿಂತಿರುವ ಜಾಗಕ್ಕೆ ಅನ್ವಯಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಸ್ಟೇಷನ್ನನ್ನು ತಿರುವಿನ ಒಳಮೈಗೆ ಸರಿಸಿ, ತಿರುವಿಗೆ ಮೊದಲು ಬಿಗಿಯಾದ ಗೇಟೊಂದನ್ನು ಇಟ್ಟೆವು. ಕೊನೆಯ ಗುಂಪಿಗೆ ಒಂದು ಓಟ ಕಡಿತವಾಯಿತು. ಆ ಹುಡುಗಿ ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಅಂದು ಅವಳನ್ನು ಹುಡುಕಿ ಮಾತಾಡಿಸದೆ ಮನೆಗೆ ಬಂದದ್ದು ನನಗೆ ಈಗಲೂ ನೋವು ಕೊಡುತ್ತದೆ.

ಈಗ ನಕ್ಷೆ ಬರೆಯಲು ಕೂತರೆ ಖಾಲಿ ಹಾಳೆಯಲ್ಲಿ ಮೊದಲು ಗುರುತು ಹಾಕುವುದು ಜನ ನಿಲ್ಲುವ ಜಾಗಗಳನ್ನು. ಪ್ರತಿ ತಿರುವಿನಲ್ಲೂ ಕಾರು ಹಿಡಿತ ತಪ್ಪಿದರೆ ಎತ್ತ ಹೋಗುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತೇನೆ. ಗೆರೆ ಜನರತ್ತ ಹೋದರೆ ತಿರುವೇ ಬದಲಾಗಬೇಕು. ಹೆಚ್ಚು ಕೋನ್ ಬೀಳುವಲ್ಲಿ ಮೂವರನ್ನು ಹಾಕುತ್ತೇನೆ, ಹೊಸಬರ ಜೊತೆಗೆ ಪಳಗಿದವರೊಬ್ಬರು ಇದ್ದೇ ಇರುತ್ತಾರೆ. ಸ್ಪರ್ಧೆ ಶುರುವಾಗುವ ಮುಂಚೆ ಒಂದೊಂದು ಸ್ಟೇಷನ್ನಿಗೂ ಹೋಗಿ ನಿಂತು ಬರುತ್ತೇನೆ. ಫಿನಿಶ್ ಹತ್ತಿರ ಇನ್ನಷ್ಟು ವೇಗ ಇರಬೇಕಿತ್ತು ಎಂದು ಬೇಸರಪಡುವ ಚಾಲಕರಿದ್ದಾರೆ. ಅವರನ್ನು ಕೋನ್ ಕಾಯುವ ಜಾಗಕ್ಕೆ ಕರೆದೊಯ್ದು, ಅಲ್ಲಿ ನಿಂತೇ ಮಾತಾಡುತ್ತೇನೆ. ಕೆಲವರು ಒಪ್ಪುತ್ತಾರೆ. ಒಪ್ಪದವರಿಗಾಗಿ ನಕ್ಷೆ ಬದಲಿಸುವುದಿಲ್ಲ.