ಫುಕೆಟ್ ಬೀಚಲ್ಲಿ ಮದುವೆಯಂತೆ, ಹೋಗೋದಾ?

ವಾಟ್ಸ್ಯಾಪ್‌ನಲ್ಲಿ ಕಾರ್ಡ್ ಬಂತು: ಥಾಯ್ಲೆಂಡಿನ ಫುಕೆಟ್, ಸಮುದ್ರದ ದಡ, ಗೋಧೂಳಿ ಲಗ್ನ. ಫ್ಯಾಮಿಲಿ ಗ್ರೂಪಲ್ಲಿ ಎಲ್ಲರೂ ಹಾರ್ಟ್ ಒತ್ತಿದ್ದಾಯ್ತು. ಆದರೆ ಟಿಕೆಟ್ ಖರ್ಚು ಯಾರದ್ದು ಅಂತ ಯಾರೂ ಕೇಳಲ್ಲ. ಸಾಮಾನ್ಯವಾಗಿ ರೂಮು-ಊಟ ಕರೆದವರದ್ದು, ವಿಮಾನ ನಮ್ಮದು. ಎಲ್ಲರ ಮನೇಲೂ ಹಾಗೇ ಇರುತ್ತೆ ಅಂತೇನಿಲ್ಲ. ಸಂಕೋಚ ಬಿಟ್ಟು ಮೊದಲೇ ಕೇಳಿಬಿಡಿ.

ಹೋಗಲು ಆಗಲ್ಲ ಅಂದರೆ ಅದನ್ನೂ ಈಗಲೇ ಹೇಳಿ. ‘ನೋಡೋಣ, ಟ್ರೈ ಮಾಡ್ತೀನಿ’ ಅನ್ನೋದು ನಮ್ಮಲ್ಲಿ ಮರ್ಯಾದೆಯ ಮಾತು. ಛತ್ರದ ಮದುವೆಗೆ ಅದು ಸರಿ, ಐವತ್ತು ಎಲೆ ಹೆಚ್ಚುಕಮ್ಮಿಯಾದರೂ ಅಡುಗೆಯವರು ಸುಧಾರಿಸುತ್ತಾರೆ. ರೆಸಾರ್ಟಲ್ಲಿ ತಲೆ ಲೆಕ್ಕ. ನಿಮ್ಮ ‘ನೋಡೋಣ’ಕ್ಕೂ ಅವರು ರೂಮಿನ ಮುಂಗಡ ಕಟ್ಟಿರುತ್ತಾರೆ. ಇಎಂಐ ಹಾಕಿಸಿಕೊಂಡು ಹೋಗಲೇಬೇಕಾದ ಮದುವೆ ಯಾವುದೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಬೆಂಗಳೂರಲ್ಲಿ ಆರತಕ್ಷತೆ ಇಟ್ಟುಕೊಂಡರೆ ಅಲ್ಲಿಗೆ ಹೋಗಿ ಮನಸಾರೆ ಹರಸಿ ಬನ್ನಿ.

ಹೊರಡೋದು ಖಚಿತವಾದರೆ ಮೊದಲು ಪಾಸ್‌ಪೋರ್ಟ್ ನೋಡಿ, ಆರು ತಿಂಗಳಾದರೂ ಅವಧಿ ಉಳಿದಿರಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತೆ, ಟಿಕೆಟ್‌ಗೆ ಮುಂಚೆ ಥಾಯ್ ರಾಯಭಾರ ಕಚೇರಿಯ ಸೈಟ್ ನೋಡೋದು ಒಳ್ಳೆಯದು. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ತಲುಪುವ ಮುಂಚಿನ ಮೂರು ದಿನಗಳಲ್ಲಿ ಆನ್‌ಲೈನ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಸೈಟ್ ಸರ್ಕಾರದ್ದಲ್ಲ.

ನಿಜವಾದ ಕೆಲಸ ಇರೋದು ಹಿರಿಯರದ್ದು. ಅಜ್ಜಿ, ದೊಡ್ಡಪ್ಪನಿಗೆ ಇದು ಮೊದಲ ವಿದೇಶ ಪ್ರಯಾಣ ಇರಬಹುದು. ಒಬ್ಬೊಬ್ಬ ಹಿರಿಯರ ಜೊತೆ ಒಬ್ಬ ಕಿರಿಯರು ಅಂತ ಮೊದಲೇ ಹಂಚಿಕೊಳ್ಳಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಟ್ರಾವೆಲ್ ಇನ್ಶೂರೆನ್ಸ್ ಫಾರಂನಲ್ಲಿ ಬಿಪಿ, ಶುಗರ್ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಸಿಗದೇ ಹೋಗಬಹುದು, ಅಲ್ಲಿನ ಖಾಸಗಿ ಆಸ್ಪತ್ರೆ ಬಿಲ್ ಸಣ್ಣದಲ್ಲ. ಮಾತ್ರೆಗಳು, ವೈದ್ಯರ ಚೀಟಿ ಕೈಬ್ಯಾಗಲ್ಲೇ ಇರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್ ನೋವಿನ ಮಾತ್ರೆ ಅಲ್ಲಿ ನಿಯಂತ್ರಿತ ಔಷಧಿಗಳು, ವಿಚಾರಿಸದೆ ಒಯ್ಯಬೇಡಿ. ಇನ್ನೊಂದು ಮಾತು, ಮರಳಲ್ಲಿ ಹಿರಿಯರ ಮಂಡಿ ಕೇಳಲ್ಲ. ಮಂಟಪದವರೆಗೆ ಹಲಗೆ ದಾರಿ, ನೆರಳಲ್ಲಿ ಕುರ್ಚಿ ಇದೆಯಾ ಅಂತ ಮದುವೆಯವರನ್ನು ಈಗಲೇ ಕೇಳಿಡಿ.

ಅಮ್ಮಂದಿರ ಪ್ಯಾಕಿಂಗ್ ಮೇಲೂ ಒಂದು ಕಣ್ಣಿರಲಿ. ಮಡಿಲು ತುಂಬಲು ಅಂತ ಕೊಬ್ಬರಿ ಗಿಟುಕು ಇಟ್ಟೇ ಇರುತ್ತಾರೆ. ಎಣ್ಣೆಯಂಶಕ್ಕೆ ಬೆಂಕಿ ಹತ್ತೋ ಭಯದಿಂದ ಚೆಕ್-ಇನ್ ಬ್ಯಾಗಲ್ಲಿ ಅದಕ್ಕೆ ನಿಷೇಧ. ಪವರ್‌ಬ್ಯಾಂಕ್ ಕೂಡ ಅಲ್ಲಿ ಇಡೋ ಹಾಗಿಲ್ಲ, ಕೈಬ್ಯಾಗಿಗೆ ಹಾಕಿ. ಒಡವೆ ಜಾಸ್ತಿ ಇದ್ದರೆ ಹೊರಡುವಾಗ ನಮ್ಮ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ಅಜ್ಜಿಯ ಕಾಸಿನ ಸರ ಅಲ್ಲೇ ಕೊಂಡದ್ದಲ್ಲ ಅಂತ ನೀವೇ ಸಾಬೀತು ಮಾಡಬೇಕಾಗುತ್ತೆ. ಹುಡುಗರಿಗೆ ಬೇರೆ ಕಿವಿಮಾತು: ಥಾಯ್ಲೆಂಡಲ್ಲಿ ವೇಪ್ ಕಾನೂನುಬಾಹಿರ, ಜೇಬಲ್ಲೂ ಬೇಡ.

ಬಟ್ಟೆ ವಿಷಯದಲ್ಲಿ ಉಪ್ಪುಗಾಳಿ, ಸೆಕೆ ಎರಡೂ ನೆನಪಿರಲಿ. ಭಾರಿ ಜರಿ ರೇಷ್ಮೆ ಮನೇಲೇ ಇರಲಿ, ಹಗುರ ಸೀರೆ, ಚಪ್ಪಟೆ ಚಪ್ಪಲಿ ಸಾಕು. ಹೀಲ್ಸ್ ಮರಳಲ್ಲಿ ಹೂತುಹೋಗುತ್ತೆ. ಪಂಚೆ ಉಡುವವರು ಬೆಲ್ಟ್ ಕಟ್ಟಿ, ಕಡಲ ಗಾಳಿಗೆ ಯಾರ ಮಾನದ ಚಿಂತೆಯೂ ಇಲ್ಲ!

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಕೈಗಡಿಯಾರ ಬದಲಿಸದ ಚಿಕ್ಕಪ್ಪ ಬರೋಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತೆ. ಯುಪಿಐ ನಂಬಿಕೊಂಡು ಬರಿಗೈಲಿ ಹೋಗಬೇಡಿ, ಸ್ವಲ್ಪ ಬಾತ್ ನೋಟು ಇಟ್ಟುಕೊಳ್ಳಿ (ಬಾತ್ ಅಂದರೆ ಅಲ್ಲಿ ದುಡ್ಡು, ತಿಂಡಿಯಲ್ಲ).

ಮುಖ್ಯವಾದದ್ದು ಸಮುದ್ರ. ಫುಕೆಟ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಪಶ್ಚಿಮದ ಬೀಚುಗಳಲ್ಲಿ ಅಲೆ ಜೋರು, ಸೆಳೆತ ಅಪಾಯಕಾರಿ. ರೂಮು ಅಗ್ಗ ಅಂತ ಆ ತಿಂಗಳಲ್ಲಿ ಮದುವೆ ಇಟ್ಟಿದ್ದರೆ, ಮಳೆ ಬಂದರೆ ಒಳಗೆ ಹಾಲ್ ಇದೆಯಾ ಅಂತ ವಿಚಾರಿಸಿ. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಬೇಡಿ, ಎಷ್ಟೇ ಈಜು ಬಂದರೂ. ಸಂಗೀತ್ ಮುಗಿದ ಮೇಲೆ ರಾತ್ರಿ, ಎರಡು ಪೆಗ್ ಹಾಕಿದ ಗುಂಪು ‘ಒಂದು ಡಿಪ್’ ಅಂತ ಹೊರಟರೆ ಅವರನ್ನು ತಡೆಯೋದೂ ನೆಂಟರದೇ ಕೆಲಸ.

ಮುಯ್ಯಿಗೆ ಬೆಳ್ಳಿ ದೀಪ ಹೊತ್ತುಕೊಂಡು ಹೋಗಬೇಡಿ. ವಾಪಸ್ ಬಂದಮೇಲೆ ಮನೆಗೆ ಹೋಗಿ ಕೊಡಿ, ಅವರ ಬ್ಯಾಗಿಗೂ ಕಿಲೋ ಲೆಕ್ಕ ಇರುತ್ತೆ.